ಅರ್ಧ ತಲೆಯ ಬಣ್ಣ

ಮೇಡಂ ಅವರ ತಲೆಯ ಎಡಗಡೆಗೆ ಕಪ್ಪು ಬಣ್ಣ ಹಚ್ಚಿ ಮುಗಿದಿತ್ತು, ಬಲಗಡೆ ಇನ್ನೂ ಬಾಕಿ ಇತ್ತು. ಅಷ್ಟರಲ್ಲಿ ಪಾರ್ಲರಿನ ಮೂಲೆಯ ಟಿವಿಯಲ್ಲಿ ಹೊಗೆ ಕಾಣಿಸಿತು. ಹೊಲಿಗೆ ಕಾರ್ಖಾನೆಯೊಂದರ ಮೂರನೇ ಮಹಡಿಗೆ ಬೆಂಕಿ. ಪಾರ್ಲರಿನಾಕೆಯ ಕೈಲಿದ್ದ ಬ್ರಷ್ ನೆಲಕ್ಕೆ ಬಿತ್ತು. ಅವಳ ತಂಗಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದದ್ದು ಅದೇ ಮಹಡಿಯಲ್ಲಿ.

“ಮೇಡಂ, ನನ್ನ ಕೈಯೆಲ್ಲ ಬಣ್ಣ. ನನ್ನ ಫೋನ್ ತಗೊಂಡು ನೀವೇ ಮಾಡಿ. ‘ತಂಗಿ’ ಅಂತಲೇ ಇದೆ ನೋಡಿ.”

ಮೇಡಂ ಮೂರು ಸಲ ಮಾಡಿದರು. ಮೂರು ಸಲವೂ ಸ್ವಿಚ್ ಆಫ್. ನಾಲ್ಕನೇ ಸಲ ಮಾಡುವಷ್ಟರಲ್ಲಿ ಬೀದಿಯವರ ಗ್ರೂಪಿಗೆ ಒಂದು ಸಂದೇಶ ಬಂತು. ಉರಿಯುವ ಕಟ್ಟಡದ ಚಿತ್ರ, ಕೆಳಗೆ ಕೆಂಪು ಅಕ್ಷರ: ‘ಬೆಂಕಿ ದುರಂತ. ಸತ್ತವರ, ಉಳಿದವರ ಪೂರ್ತಿ ಪಟ್ಟಿ. ಇಲ್ಲಿ ಒತ್ತಿ.’ ಕಳಿಸಿದ್ದು ಎದುರಿನ ಔಷಧಿ ಅಂಗಡಿಯವನು, ನಂಬಿಕಸ್ಥ.

“ಒತ್ತಿ ಮೇಡಂ, ಬೇಗ ಒತ್ತಿ!”

ಹೇಳುತ್ತಿರುವುದು ಯಾರಿಗೆ ಎಂಬುದನ್ನು ಗಾಬರಿಯಲ್ಲಿ ಅವಳು ಮರೆತಿದ್ದಳು. ಈ ಮೇಡಂ ಮೂವತ್ತೆರಡು ವರ್ಷ ನೋಂದಣಿ ಕಚೇರಿಯಲ್ಲಿ ಕೂತು ಬಂದವರು. ಮೊದಲಿನಿಂದ ಕೊನೆಯವರೆಗೆ ಓದದೆ ಒಂದೇ ಒಂದು ಕಾಗದಕ್ಕೂ ಸಹಿ ಹಾಕಿದವರಲ್ಲ. ಅವರ ಕಿಟಕಿಯ ಮುಂದೆ ನಿಂತು ಹಲ್ಲು ಕಡಿದವರಿಗೆ ಲೆಕ್ಕವಿಲ್ಲ. ಈಗಲೂ ಅವರು ಲಿಂಕ್ ತೆರೆದು, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಪಾರ್ಲರಿನಾಕೆಗೆ ಅಲ್ಲೇ ಅರ್ಧ ಜೀವ ಹೋಯಿತು.

“ಪಟ್ಟಿ ನೋಡೋಕೆ ಇದ್ಯಾವುದೋ ಆ್ಯಪ್ ಹಾಕ್ಕೋಬೇಕಂತೆ,” ಎಂದರು ಮೇಡಂ. “ನಿನ್ನ ಮೆಸೇಜೆಲ್ಲ ಓದೋಕೆ ಒಪ್ಪಿಗೆ ಕೊಡಬೇಕಂತೆ. ನಿಂಗೆ ಬರೋ ಕರೆಗಳನ್ನ ಬೇರೆ ಕಡೆ ತಿರುಗಿಸೋಕೂ ಒಪ್ಪಿಗೆ ಕೊಡಬೇಕಂತೆ. ಯಾಕಮ್ಮಾ? ಪಟ್ಟಿಗೂ ನಿನ್ನ ಕರೆಗೂ ಏನು ಸಂಬಂಧ?”

“ಏನು ಕೇಳುತ್ತೋ ಕೊಟ್ಟುಬಿಡಿ! ಒಪ್ಪಿದೆ ಅಂತ ಒತ್ತಿ!”

“ಬೆಂಕಿ ಬಿದ್ದು ಇನ್ನೂ ಎಷ್ಟು ಹೊತ್ತಾಯ್ತು? ನೀರು ಹಾಕೋರೇ ಒಳಗೆ ಹೋಗಿಲ್ಲ, ಟಿವೀಲಿ ಕಾಣ್ತಿದೆ. ಅಷ್ಟರಲ್ಲಿ ಪಟ್ಟಿ ಮಾಡಿದೋರು ಯಾರು? ನಮ್ಮ ಕಚೇರೀಲಿ ಒಂದು ಪಟ್ಟಿ ಆಗಬೇಕಂದ್ರೆ ನಾಲ್ಕು ದಿನ ಬೇಕಿತ್ತು.”

“ನಿಮಗೇನು! ನಿಮ್ಮ ತಂಗಿ ಆಗಿದ್ರೆ ಗೊತ್ತಾಗ್ತಿತ್ತು!”

ಆ ಮಾತು ನಾಟಿತು. ಮೇಡಂ ಮುಖ ಕೆಂಪಾಯಿತು, ಆದರೂ ಬೆರಳು ಅಲುಗಲಿಲ್ಲ. ಪಾರ್ಲರಿನಾಕೆ ಕೈಗವಸು ಕಿತ್ತೆಸೆದು ಫೋನಿಗೆ ಕೈ ಹಾಕಿದಳು. ಮೇಡಂ ಬಿಡಲಿಲ್ಲ. ಇಬ್ಬರೂ ಹಿಡಿದು ಎಳೆದಾಡುತ್ತಿರುವಾಗಲೇ ಫೋನು ರಿಂಗಾಯಿತು. ಗುರುತಿಲ್ಲದ ನಂಬರು.

“ಅಕ್ಕಾ, ನಾನೇ. ಹೊರಗೆ ಬಂದೆ. ಹೊಗೆ ಕುಡಿದು ಗಂಟಲು ಕಟ್ಟಿದೆ, ಅಷ್ಟೇ. ಫೋನ್ ಒಳಗೇ ಉಳೀತು. ಇದು ಆಂಬುಲೆನ್ಸ್ ನರ್ಸ್ ಫೋನು, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದಾರೆ. ನಂಗೆ ಬಾಯಿಪಾಠ ಇರೋದು ನಿನ್ನ ನಂಬರ್ ಒಂದೇ ಕಣಕ್ಕಾ...”

ಪಾರ್ಲರಿನಾಕೆ ಕತ್ತರಿಸಿದ ಕೂದಲಿನ ನಡುವೆಯೇ ನೆಲದ ಮೇಲೆ ಕೂತುಬಿಟ್ಟಳು. ಬರುತ್ತಿರುವುದು ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಗ್ರೂಪಿಗೆ ಇನ್ನೊಂದು ಸಂದೇಶ ಬಂತು. ಮೇಡಂ ಅದನ್ನೂ ಎರಡು ಸಲ ಓದಿಕೊಂಡು, ಆಮೇಲೆ ಗಟ್ಟಿಯಾಗಿ ಓದಿದರು. ‘ಆ ಲಿಂಕ್ ಯಾರೂ ಒತ್ತಬೇಡಿ, ಮೋಸ. ನನ್ನ ಫೋನಿಗೆ ಈಗ ಒಂದು ಕರೆಯೂ ಬರುತ್ತಿಲ್ಲ. ಹೆಂಡತಿಯ ಫೋನಿನಿಂದ ಬರೆಯುತ್ತಿದ್ದೇನೆ. ಔಷಧಿ ಅಂಗಡಿ.’

ಒಪ್ಪಿದೆ ಎಂದು ಒತ್ತಿದ್ದರೆ ತಂಗಿಯ ಆ ದನಿ ಯಾವ ಕಳ್ಳನ ಕಿವಿಗೆ ಹೋಗಿ ಬೀಳುತ್ತಿತ್ತೋ! ಪಾರ್ಲರಿನಾಕೆ ಮೇಡಂ ಅವರ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

“ಬಾಯಿಗೆ ಬಂದಂಗೆ ಅಂದ್ಬಿಟ್ಟೆ ಮೇಡಂ. ನಿಮ್ಮನ್ನ ಸಾಯೋ ತನಕ ಮರೆಯಲ್ಲ.”

“ಅದೆಲ್ಲ ಆಮೇಲೆ. ಮೊದಲು ಹೊರಡು.”

“ನಿಮ್ಮ ತಲೆ? ಅರ್ಧಾನೇ ಆಗಿದೆ...”

“ತಲೆ ಎಲ್ಲಿಗೂ ಓಡಿಹೋಗಲ್ಲ. ನಡಿ, ನಾನು ಟ್ಯಾಕ್ಸಿ ನಿಲ್ಲಿಸ್ತೀನಿ.”

ಇದು ಸಣ್ಣ ಮಾತೇನಲ್ಲ. ತಿಂಗಳಿಗೊಮ್ಮೆ ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಬಂದು, ಬಾಗಿಲು ಹಾಕಿಸಿ, ಪರದೆ ಎಳೆಸಿ, ಆಮೇಲಷ್ಟೇ ಸ್ಕಾರ್ಫ್ ಬಿಚ್ಚುವವರು ಅವರು. ತಮ್ಮ ಕೂದಲು ನೆರೆತಿರುವುದು ಈ ಪಾರ್ಲರಿನ ಕನ್ನಡಿ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂಬುದು ಅವರ ಹೆಮ್ಮೆ. ಈಗ ಅವರೇ ತೊಟ್ಟಿಗೆ ಬಗ್ಗಿ, ನಲ್ಲಿ ತಿರುಗಿಸಿ ಬಣ್ಣ ತೊಳೆದುಕೊಂಡು, ಟವೆಲಿನಲ್ಲಿ ಒರೆಸುತ್ತಲೇ ಹೊರಗೆ ನಡೆದರು.

ಪಾರ್ಲರಿನಾಕೆ ದೀಪ ಆರಿಸಿ, ಚೀಲ ಹೆಗಲಿಗೆ ಹಾಕಿಕೊಂಡು ತಿರುಗಿದರೆ, ಸ್ಕಾರ್ಫು ಗೋಡೆಯ ಕೊಕ್ಕೆಯಲ್ಲೇ ಇತ್ತು. ಅದನ್ನು ಎಳೆದುಕೊಂಡು ಓಡಿದಳು.

ನಟ್ಟನಡು ಮಧ್ಯಾಹ್ನದ ಬಿಸಿಲು. ರಸ್ತೆಯ ಮಧ್ಯೆ ಮೇಡಂ ಕೈಯೆತ್ತಿ ನಿಂತಿದ್ದರು. ಎಡಗಡೆ ಕಡುಗಪ್ಪು, ಬಲಗಡೆ ಹತ್ತಿಯ ಹಾಗೆ ಬಿಳುಪು. ಬಸ್ ನಿಲ್ದಾಣದಲ್ಲಿದ್ದವರೆಲ್ಲ ಕತ್ತು ತಿರುಗಿಸಿ ನೋಡುತ್ತಿದ್ದರು. ಒಂದು ಟ್ಯಾಕ್ಸಿ ಗಕ್ಕನೆ ನಿಂತಿತು.

“ಮೇಡಂ, ಸ್ಕಾರ್ಫು! ಎಲ್ಲರೂ ನೋಡ್ತಿದ್ದಾರೆ!”

ಮೇಡಂ ಅದನ್ನು ಕೈಗೆ ತೆಗೆದುಕೊಂಡು, ನೀಟಾಗಿ ಮಡಿಸಿ, ಅವಳ ಚೀಲದೊಳಗೆ ಇಟ್ಟರು.

“ಬೆಂಕಿ ಆರಿಸೋರ ನೀರಲ್ಲಿ ನಿನ್ನ ತಂಗಿ ತಲೆ ತೊಯ್ದಿರುತ್ತೆ. ಅವಳಿಗೆ ಕಟ್ಟು.”