ಎಂಟು ತಂತಿ, ಹತ್ತು ಬೆರಳು

ಇಳಕಲ್ಲಿನ ಒಂದು ನೇಕಾರರ ಮನೆ. ಮಧ್ಯಾಹ್ನ ಮೂರೂವರೆ...

ನಾಲ್ಕು ಗಂಟೆಗೆ ಅತ್ತೆ ಬನಶಂಕರೆವ್ವನ ಮೊದಲ ಆನ್‌ಲೈನ್ ಕ್ಲಾಸ್. ಅವಳ ಸೀರೆ ನೇಯ್ಗೆ ಕಲಿಯುವವರು ಮನೆಯಲ್ಲಿ ಯಾರೂ ಇರಲಿಲ್ಲ. ದೂರದೂರುಗಳ ಹನ್ನೊಂದು ಜನ ಹೆಸರು ಕೊಟ್ಟಿದ್ದರು.

ಇಂದು ತಪ್ಪಿದರೆ ಅವರು ಮತ್ತೆ ಬರುತ್ತಾರೆಯೇ?

ಸೊಸೆ ಅನಸೂಯಾ ಗಡಿಯಾರ ನೋಡುತ್ತಲೇ ಇದ್ದಳು. ಪಡಸಾಲೆಯ ವೈಫೈ, ದಪ್ಪ ಕಲ್ಲುಗೋಡೆ ದಾಟಿ ಮಗ್ಗದ ಕೋಣೆಗೆ ಬರುತ್ತಿರಲಿಲ್ಲ.

ತಾನು ಹೋಗುತ್ತಿದ್ದ ಸಂಜೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತಂತೆ ರೂಟರಿನಿಂದ ಕೇಬಲ್ ಎಳೆದಳು. ಒಂದು ತುದಿ ಸರಿಹೋಯಿತು. ಇನ್ನೊಂದು ತುದಿಯ ಎಂಟು ಬಣ್ಣದ ತಂತಿಗಳು ಮಾತ್ರ ತುದಿಗೆ ಹಾಕುವ ಪ್ಲಾಸ್ಟಿಕ್ ಪಿನ್ನಿಗೆ ತೂರಿಸುವಷ್ಟರಲ್ಲಿ ಜಾಗ ಬದಲಿಸುತ್ತಿದ್ದವು.

ಒಂದು ಪಿನ್ ಕೆಟ್ಟಿತು... ಎರಡನೆಯದೂ ಕೆಟ್ಟಿತು. ಉಳಿದದ್ದು ಒಂದೇ.

“ಇಲ್ಲಿ ತಾ, ನಾ ನೋಡ್ತೀನಿ.” ಮಗ್ಗದ ಬಳಿ ಕೂತಿದ್ದ ಅತ್ತೆ ಕೈ ಚಾಚಿದಳು.

“ಅತ್ತೀ, ಇದು ಕಂಪ್ಯೂಟರಿಂದು. ನಿಮಗ ತಿಳಿಯಂಗಿಲ್ಲ... ಸುಮ್ನ ಕುಂದರ್ರಿ!”

ಅಂದಮೇಲೆ ಅನಸೂಯಾಗೇ ಕಸಿವಿಸಿಯಾಯಿತು. ಬನಶಂಕರೆವ್ವ ನಕ್ಕಳು.

“ತಿಳಿಯಂಗಿಲ್ಲ, ಖರೆ. ಯಾವ ಬಣ್ಣದ ಪಕ್ಕ ಯಾವುದು, ಅಷ್ಟ ಹೇಳು.”

ಅತ್ತೆಗೆ ಓದು ಬಾರದು; ಅನಸೂಯಾ ತಾನು ಬರೆದುಕೊಂಡದ್ದನ್ನು ಒಂದು ಸಲ ಓದಿ ಹೇಳಿದಳು.

ಅತ್ತೆ ತಂತಿಗಳನ್ನು ಹೆಬ್ಬೆರಳ ಕೆಳಗೆ ಸವರಿ ನೇರ ಮಾಡಿದಳು. ಒಂದೊಂದನ್ನೇ ತೋರುಬೆರಳ ಮೇಲೆ ಮಲಗಿಸುತ್ತಾ ಹೋದಳು. ಎರಡನೆಯ ಸಲ ಓದು ಎನ್ನಲೇ ಇಲ್ಲ.

“ಎಂಟ ಏನ? ಸೆರಗಿನ ಎಳೆಗೆ ಮೈ ಎಳೆ ಕೂಡಿಸೂವಾಗ ಸಾವಿರಗಟ್ಟಲೆ ಇರ್ತಾವ. ಒಂದು ತಪ್ಪಿದ್ರೂ ಸೀರಿ ಬಾಯಿ ಬಿಡ್ತದ.”

ಪಿನ್ ಕೂತಿತು. ಇಕ್ಕಳ ಒತ್ತಿದ್ದು ಅನಸೂಯಾ. ಕೇಬಲ್ ಪರೀಕ್ಷಿಸುವ ಪುಟ್ಟ ಡಬ್ಬಿಯಲ್ಲಿ ದೀಪಗಳು ಒಂದಾದ ಮೇಲೊಂದು ಹತ್ತತೊಡಗಿದವು... ಐದು... ಆರು... ಏಳು... ಎಂಟು!

ನಾಲ್ಕಕ್ಕೆ ಸರಿಯಾಗಿ, ಕೇಬಲ್ ಸಿಕ್ಕಿಸಿದ ಲ್ಯಾಪ್‌ಟಾಪ್ ಪರದೆಯ ಮೇಲೆ ಹನ್ನೊಂದು ಜನ ಮೂಡಿ ಕೈಮುಗಿದರು.

“ಅಯ್ಯ ಶಿವನೇ! ಇಷ್ಟು ಸಣ್ಣ ಹಗ್ಗದಾಗ ಇಷ್ಟು ಮಂದಿ ಹೆಂಗ ಬಂದ್ರು?” ಅತ್ತೆ ಬೆರಗಾಗಿ ಕೇಬಲನ್ನೇ ನೋಡುತ್ತಿದ್ದಳು.

ಅನಸೂಯಾ ನೋಡುತ್ತಿದ್ದದ್ದು ಅತ್ತೆಯ ಬೆರಳುಗಳನ್ನು. ಒಂಬತ್ತು ವರ್ಷ ಆ ಕೈ ಬಡಿಸಿದ್ದನ್ನು ಉಂಡಿದ್ದಳು... ಒಂದು ದಿನವೂ ಅವನ್ನು ಹೀಗೆ ನೋಡಿರಲಿಲ್ಲ.

“ತಪ್ಪಾತ್ರೀ ಅತ್ತೀ...” ಅನಸೂಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬನಶಂಕರೆವ್ವ ಮಗ್ಗದ ಪಕ್ಕದ ಚಾಪೆ ತಟ್ಟಿದಳು.

“ಅಳೂದು ಆಮ್ಯಾಲ. ಹನ್ನೆರಡನೇದಾಕಿ ನೀನ. ಬಾ, ಕುಂದರು.”

*ಓದು ಬಾರದವರೆಲ್ಲ ಕಲಿಯದವರಲ್ಲ.*

“ಅವರಿಗೇನು ಗೊತ್ತು” ಎಂದು ನಿಮ್ಮ ಮನೆಯಲ್ಲಿ ನೀವು ಸುಮ್ಮನೆ ಕೂರಿಸಿದವರು ಯಾರು?