ಫಲಕ ಹಿಡಿದ ಮಕ್ಕಳು

ಹಿಡಿದವರ ಮನಸ್ಸಿನಲ್ಲಿ ಇರುವುದನ್ನೇ ತೋರಿಸುವ ಫಲಕಗಳನ್ನು ಮಾತ್ರ ಮೆರವಣಿಗೆಯಲ್ಲಿ ಹಿಡಿಯಬೇಕೆಂಬ ಕಾಯ್ದೆ ಬಂದು ಬಹಳ ದಿನಗಳಾಗಿದ್ದವು. ಆದರೂ ಗದಗಿನ ಶಾಲೆಯೊಂದರ ಅಧ್ಯಕ್ಷ ಚನ್ನವೀರಗೌಡರು ಧೈರ್ಯಗೆಡದೆ, ಗರ್ಭಪಾತದ ವಿರುದ್ಧ ಮೆರವಣಿಗೆ ಹೊರಡಿಸಲು ಏಳನೆಯ ತರಗತಿಯ ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದರು.

ವಿಜ್ಞಾನದ ಶಿಕ್ಷಕಿ ಇಂದುಮತಿ ಕೈಕಟ್ಟಿಕೊಂಡು ದೂರವೇ ನಿಂತಿದ್ದಳು. ಮದುವೆಯಾದ ಹೊಸತರಲ್ಲಿ ಅವಳೂ ಗಂಡನೂ ಯೋಚಿಸಿ ಗರ್ಭ ತೆಗೆಸಿದ್ದು ಊರಿಗೆ ಗೊತ್ತಿರಲಿಲ್ಲ. ಹಾಗಾಗಿ ಫಲಕ ಮುಟ್ಟಲು ಅವಳಿಗೆ ಭಯ.

ಮಕ್ಕಳು ಫಲಕ ಎತ್ತಿದರು. ‘ಇವತ್ತ ಊಟಕ್ಕ ತತ್ತಿ ಐತೇನು?’ ಎಂದಿತು ಒಂದು. ‘ಒಂದಕ್ಕ ಅವಸರ ಆಗೇತಿ’ ಎಂದಿತು ಇನ್ನೊಂದು. ‘ಗರ್ಭಪಾತ ಜೋಗ ಜಲಪಾತಕ್ಕಿಂತ ದೊಡ್ಡದೇನು?’ ಎಂದಿತು ಮತ್ತೊಂದು.

“ಹಂಗಲ್ರೋ, ನೋಡ್ರಿಲ್ಲೆ,” ಎನ್ನುತ್ತ ಗೌಡರೇ ಒಂದನ್ನು ಕಿತ್ತುಕೊಂಡು ಎತ್ತಿದರು. ‘ಫೋಟೋದವ ಎಲ್ಲಿ ಹಾಳಾಗಿ ಹೋದ?’ ಎಂದು ದಪ್ಪಕ್ಷರ ಮೂಡಿತು.

ಮಕ್ಕಳು ಬಿದ್ದು ಬಿದ್ದು ನಕ್ಕರು. ಗೌಡರು ಮುಖ ಕೆಂಪಗೆ ಮಾಡಿಕೊಂಡು ಫಲಕವನ್ನು ಇಂದುಮತಿಯ ಕೈಗೆ ತುರುಕಿದರು. “ನೀವರ ಹಿಡೀರಿ ಅಕ್ಕೋರ. ನೀವು ಕಲತವ್ರು.”

ಇಂದುಮತಿ ಕಣ್ಣು ಮುಚ್ಚಿಕೊಂಡಳು. ನಗು ತಟ್ಟನೆ ನಿಂತಿತು. ಅವಳು ಮೆಲ್ಲಗೆ ಕಣ್ಣು ತೆರೆದು ಓದಿದಳು: ‘ನಂದು ನಂಗಿರಲಿ. ಈ ಹುಡುಗ್ರನ್ನ ಮೊದ್ಲ ನೆರಳಿಗೆ ಕಳಸ್ರಿ.’

ಗೌಡರು ಎರಡು ಸಲ ಓದಿದರು. ಏನನ್ನೂ ಕೇಳದೆ, “ನಡೀರಿ, ಉಣ್ಣಾಕ ನಡೀರಿ,” ಎಂದು ಮಕ್ಕಳನ್ನು ಕಳಿಸಿದರು.

ಒಬ್ಬ ಹುಡುಗಿ ಮಾತ್ರ ಹೋಗದೆ ಇಂದುಮತಿಯ ಸೆರಗು ಜಗ್ಗಿದಳು. “ಅಕ್ಕೋರ, ಗರ್ಭಪಾತ ಅಂದ್ರ ಏನ್ರಿ?”

ಇಂದುಮತಿ ಫಲಕವನ್ನು ಗೋಡೆಗೆ ಒರಗಿಸಿದಳು.

“ಉಂಡು ಬಾ. ಕುಂತು ಹೇಳ್ತೀನಿ.”