ಸುತ್ತುವ ಆರು ಅಂಕಿಗಳು

ಒದ್ದೆ ಸ್ಲೇಟಿನ ವಾಸನೆ ಬಂದರೆ ನನಗೆ ಈಗಲೂ ಸಂಪಾಜೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಒಳಗೆ ಅಮ್ಮನಿಗೆ ಬೆಳಗಿನಿಂದ ಹೆರಿಗೆ ನೋವು. ಮಡಿಕೇರಿಯ ಬಿಳಿಯ ದೊರೆ ಡಾಕ್ಟರನ್ನು ಕರೆತರಲು ಹೋದ ಗಾಡಿ ಇನ್ನೂ ಬಂದಿರಲಿಲ್ಲ. ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಅಪ್ಪ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡು ಸ್ಲೇಟಿನ ಮೇಲೆ ೧೪೨೮೫೭ ಎಂದು ಬರೆದರು.

"ಎರಡರಿಂದ ಗುಣಿಸು ಮಗಾ."

೨೮೫೭೧೪ ಬಂತು. ಮೂರರಿಂದ ಗುಣಿಸಿದಾಗ ೪೨೮೫೭೧.

"ಅಪ್ಪಾ, ಅವೇ ಅಂಕಿಗಳು! ಜಾಗ ಮಾತ್ರ ಬೇರೆ!"

"ಹೌದು. ಆರರವರೆಗೂ ಹಾಗೇ ಸುತ್ತುತ್ತವೆ. ಒಂದೂ ಕಳೆದುಹೋಗುವುದಿಲ್ಲ."

ಒಳಗಿನಿಂದ ಅಮ್ಮನ ಕೂಗು ಕೇಳಿತು. ಅಪ್ಪ ನನ್ನ ಕೈಯಿಂದ ಬಳಪ ತೆಗೆದುಕೊಂಡು ನಾಲ್ಕರ ಲೆಕ್ಕವನ್ನು ತಾವೇ ಮಾಡಿದರು. ೫೭೧೪೨೬ ಎಂದು ಬರೆದರು.

"ಕೊನೆಗೆ ಎಂಟಲ್ವಾ ಅಪ್ಪಾ? ಏಳು ನಾಲ್ಕಲಿ ಇಪ್ಪತ್ತೆಂಟು."

ಅಪ್ಪನ ಲೆಕ್ಕ ತಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆರನ್ನು ಒರೆಸಲು ಹೋಗಿ ಅವರು ಆ ಇಡೀ ಸಾಲನ್ನೇ ಒರೆಸಿಬಿಟ್ಟರು.

ಅಷ್ಟರಲ್ಲಿ ಬಾಗಿಲು ತೆರೆದು ಸೂಲಗಿತ್ತಿ ಹೊರಬಂದಳು. "ಹೆಣ್ಣು, ಮಾಷ್ಟ್ರೇ. ತಾಯಿ, ಕೂಸು ಇಬ್ಬರೂ ಹುಷಾರಿದ್ದಾರೆ."

ಅಪ್ಪ ಬಳಪವನ್ನು ನನ್ನ ಕೈಗೆ ಕೊಟ್ಟರು. ನಾನು ಸುಮ್ಮನಿರಲಾರದೆ ಏಳರಿಂದ ಗುಣಿಸಿ ನೋಡಿದೆ. ಸಾಲಾಗಿ ಆರು ಒಂಬತ್ತುಗಳು ಬಂದವು. ತೋರಿಸಲು ತಿರುಗಿದರೆ, ಅಪ್ಪ ಹೆಗಲ ಮೇಲಿನ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡು ನಾನು ಕಾದೆ.